ಜಾನಮಾಜಿನ ಕಮಾನು

ಮಗಳ ಮದುವೆಯ ಸಾಮಾನಿನ ಪಟ್ಟಿಯಲ್ಲಿ ಕುರ್‌ಆನ್ ಪ್ರತಿಯ ಜೊತೆಗೆ ಒಂದು ಜಾನಮಾಜ್ ಇರಲೇಬೇಕು. ಬಳ್ಳಾರಿಯಿರಲಿ, ಸಿರುಗುಪ್ಪ, ಕುರುಗೋಡಿರಲಿ, ನಮ್ಮ ಮನೆಗಳಲ್ಲಿ ಇದು ರೂಢಿ. ಹಜ್ಜಿನಿಂದ ಬಂದವರು ಝಮ್‌ಝಮ್ ನೀರು, ಖರ್ಜೂರದ ಜೊತೆ ಕೊಡುವ ಉಡುಗೊರೆಯೂ ಅದೇ. ದಿನಕ್ಕೆ ಐದು ಸಲ ಅದರ ಮೇಲೆ ನಿಲ್ಲುವ ನಾವು, ಅದರಲ್ಲಿರುವ ಕಮಾನು, ದೀಪ, ಹೂಬಳ್ಳಿಗಳು ಎಲ್ಲಿಂದ ಬಂದವೆಂದು ಯೋಚಿಸಿದ್ದೇವೆಯೇ?

ಪಾರ್ಸಿ ಭಾಷೆಯಲ್ಲಿ 'ಜಾ' ಎಂದರೆ ಜಾಗ. ನಮಾಝಿನ ಜಾಗವೇ ಜಾನಮಾಜ್. ಹೆಸರಿನಂತೆಯೇ ಅದರ ಚಿತ್ತಾರದ ಮೇಲೂ ಇರಾನಿನ ನೇಯ್ಗೆಯ ಪ್ರಭಾವವಿದೆ. ಕಮಾನು ಮಸೀದಿಯ ಮಿಹ್ರಾಬಿನ ಗುರುತು; ಕಿಬ್ಲಾದ ಕಡೆಗೆ ಹಾಸಿಕೊಳ್ಳಲು ಅನುಕೂಲ. ಅದರೊಳಗೆ ತೂಗುವ ದೀಪವು ಸೂರಃ ಅನ್ನೂರ್‌ನ ದೀಪದ ಉಪಮೆಯನ್ನು ನೆನಪಿಸುತ್ತದೆ. ನಾಲ್ಕು ಭಾಗವಾಗಿ ಕಾಲುವೆ ಹರಿಯುವ ತೋಟ ಸ್ವರ್ಗದ ಉದ್ಯಾನವನ್ನು ಸೂಚಿಸಿದರೆ, ಸದಾ ಹಸಿರಾಗಿರುವ ಸರ್ವ್ ಮರ ದೀರ್ಘಾಯುಷ್ಯವನ್ನು ಸೂಚಿಸುತ್ತದೆ. ನಮ್ಮ ಸೀರೆಯಂಚಿನ ಮಾವಿನಕಾಯಿಯನ್ನು ಅಲ್ಲಿ 'ಬೊತೆ' ಎನ್ನುತ್ತಾರೆ. ಆದರೆ ಒಂದು ಮಾತು: ಈ ಅರ್ಥಗಳೆಲ್ಲ ಜನರ ರೂಢಿಯಿಂದ ಬಂದವೇ ಹೊರತು ದೀನಿನ ವಿಧಿಯಿಂದಲ್ಲ.

ಇರಾನಿನ ರತ್ನಗಂಬಳಿಯ ಹೆಚ್ಚುಗಾರಿಕೆ ಗಂಟಿನಲ್ಲಿದೆ. ಮಗ್ಗಕ್ಕೆ ಕಟ್ಟಿದ ಹಾಸಿನ ನೂಲಿಗೆ ಬಣ್ಣದ ಉಣ್ಣೆಯನ್ನು ಒಂದೊಂದೇ ಗಂಟಾಗಿ ಹಾಕಿ, ಸಾಲು ಮುಗಿದ ಮೇಲೆ ಹೊಕ್ಕು ಹಾಯಿಸಿ ಬಡಿಯುತ್ತಾರೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಅರ್ದಬಿಲ್ ಗಂಬಳಿಯ ಮೇಲೆ ಹಿಜರಿ 946, ಅಂದರೆ ಕ್ರಿ.ಶ. 1539-40ರ ವರ್ಷ ನೇಯಲ್ಪಟ್ಟಿದೆ. ಅದರ ಪ್ರತಿ ಚದರ ಅಂಗುಲದಲ್ಲಿ ಸುಮಾರು 340 ಗಂಟುಗಳಿವೆ. ಕಾಶಾನ್ ಮತ್ತು ಫಾರ್ಸ್ ಪ್ರದೇಶಗಳ ಗಂಬಳಿ ನೇಯ್ಗೆಯನ್ನು ಯುನೆಸ್ಕೋ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಶಾನಿನಲ್ಲಿ ಈ ಕಸುಬುದಾರರ ಪೈಕಿ ಹೆಚ್ಚಿನವರು ಮಹಿಳೆಯರು. ತಾಯಿ ಮಗಳಿಗೆ ಕಲಿಸುತ್ತಾಳೆ. ಫಾರ್ಸ್‌ನ ಅಲೆಮಾರಿ ಮಹಿಳೆಯರಂತೂ ಮುಂದೆ ನಕ್ಷೆಯನ್ನಿಟ್ಟುಕೊಳ್ಳದೆ ನೆನಪಿನಿಂದಲೇ ನೇಯುತ್ತಾರೆ.

ಇದೆಲ್ಲ ದೂರದ ಮಾತೆಂದುಕೊಳ್ಳಬೇಡಿ. ಸಿರುಗುಪ್ಪದ ಆಚೆಗಿನ ಆದೋನಿ 1953ರಲ್ಲಿ ಆಂಧ್ರಕ್ಕೆ ಸೇರುವ ಮುಂಚೆ ಬಳ್ಳಾರಿ ಜಿಲ್ಲೆಯ ಊರಾಗಿತ್ತು. ನೂರು ವರ್ಷಗಳ ಹಿಂದೆ ಅದು ಹತ್ತಿ, ರೇಷ್ಮೆ ಬಟ್ಟೆಗಳ ಜೊತೆಗೆ ಗಂಬಳಿಗಳಿಗೂ ಹೆಸರಾಗಿತ್ತು. ನಮ್ಮ ಎರೆ ಭೂಮಿಯ ಸೀಮೆಯಲ್ಲಿಯೇ ನೆಲಹಾಸು ನೇಯುವ ಕೈಗಳಿದ್ದವು.

ಅಂತಹ ಕೈಗಳು ಇಂದಿಗೂ ಉಳಿದಿರುವ ಊರು ಧಾರವಾಡ ಜಿಲ್ಲೆಯ ನವಲಗುಂದ. ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದ ಕಡೆಯಿಂದ ಬಂದು ನೆಲೆಸಿದರೆನ್ನಲಾದ ನೇಕಾರರ ಮನೆಗಳು ಅಲ್ಲಿವೆ. ನೇಯುವವರು ಮುಸ್ಲಿಂ ಮಹಿಳೆಯರೇ. ನೆಲಕ್ಕೆ ಜಮಖಾನ, ನಮಾಝಿಗೆ ಜಾನಮಾಜ್, ದನಗಳಿಗೆ ಹೊದಿಸಲು ಗುಡ್ಡರ್ ಎಂದು ಮೂರು ಬಗೆ. ಇದರಲ್ಲಿ ಗಂಟಿಲ್ಲ, ಉಣ್ಣೆಯ ಜುಂಜಿಲ್ಲ. ಹತ್ತಿ ನೂಲಿನ ಹಾಸುಹೊಕ್ಕಿನಲ್ಲೇ ಚೌಕ, ತ್ರಿಕೋನ, ನವಿಲು, ಪಗಡೆ ಹಾಸು ಮೂಡುತ್ತವೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಆದರೂ ಈಗ ಮಗ್ಗದ ಮುಂದೆ ಕೂರುವವರು ಕೆಲವೇ ಮಂದಿ. ಮಗಳು ಮದುವೆಯಾಗಿ ಹೋದರೆ ಕಸುಬೂ ಬೇರೆ ಮನೆಗೆ ಹೋದೀತೆಂದು ಹಿಂದೆ ಮಗಳಿಗೇ ಇದನ್ನು ಕಲಿಸುತ್ತಿರಲಿಲ್ಲವಂತೆ. ಗುಟ್ಟು ಕಾಪಾಡಿದ ಈ ಎಚ್ಚರಿಕೆ ಇಂದು ಕಸುಬಿಗೇ ಮುಳುವಾಗಿದೆ. ಕಲಿತರೂ ಯಂತ್ರದ ಅಗ್ಗದ ಮಾಲಿನೆದುರು ದಿನಗಟ್ಟಲೆಯ ದುಡಿಮೆಗೆ ತಕ್ಕ ಬೆಲೆ ಸಿಗದು. ಬಳ್ಳಾರಿಯಲ್ಲಿ ಮನೆಯಲ್ಲೇ ಕುಳಿತು ಜೀನ್ಸ್ ಪ್ಯಾಂಟಿಗೆ ಇಷ್ಟೆಂದು ಕೂಲಿ ಪಡೆಯುವ ಸಹೋದರಿಯರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಬೆಲೆಬಾಳುವ ಜಾನಮಾಜ್ ನಮಾಝಿನ ಷರತ್ತೇನೂ ಅಲ್ಲ. ಪ್ರವಾದಿ(ಸ)ಯವರು ಖರ್ಜೂರದ ಗರಿಯ ಪುಟ್ಟ ಚಾಪೆಯ ಮೇಲೂ ನಮಾಝ್ ಮಾಡಿದ್ದಾರೆ. ನಮಾಝಿನಲ್ಲಿ ತಮ್ಮ ಗಮನ ಸೆಳೆದ ಚಿತ್ತಾರದ ಹೊದಿಕೆಯನ್ನು ಅವರು ಹಿಂದಿರುಗಿಸಿ, ಸಾದಾ ಹೊದಿಕೆ ತರಿಸಿಕೊಂಡರೆಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಕಣ್ಣು ಕುಕ್ಕುವ ಮಖಮಲ್ಲಿಗಿಂತ ಮೂರು ಪಟ್ಟೆಯ ಹತ್ತಿ ಹಾಸು ಮನಸ್ಸಿನ ಏಕಾಗ್ರತೆಗೆ ಲೇಸು.

ಕೊಳ್ಳುವಾಗ ಹಾಸನ್ನು ತಿರುಗಿಸಿ ನೋಡಿ. ಕೈಗಂಟಿನ ಗಂಬಳಿಯಾದರೆ ಚಿತ್ತಾರ ಹಿಂಬದಿಯಲ್ಲೂ ಸ್ಪಷ್ಟವಾಗಿರುತ್ತದೆ. ತುದಿಯ ಕುಚ್ಚು ಹಾಸಿನ ನೂಲಿನದೇ ಮುಂದುವರಿಕೆ. ಯಂತ್ರದ ಮಾಲಿನಲ್ಲಿ ಕುಚ್ಚನ್ನು ಸಾಮಾನ್ಯವಾಗಿ ಬೇರೆಯಾಗಿ ಹೊಲಿದಿರುತ್ತಾರೆ. ಕೈಯಲ್ಲಿ ನೇಯ್ದ ಜಮಖಾನವನ್ನಂತೂ ಎರಡೂ ಕಡೆ ಹಾಸಬಹುದು.

ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಿರೆಂಬ ಬೋಧನೆ ನಮಗೆಲ್ಲ ಗೊತ್ತು. ಮಗಳ ಸಾಮಾನಿಗೆ ಜಾನಮಾಜ್ ಆರಿಸುವಾಗ ಅದನ್ನೂ ಜ್ಞಾಪಿಸಿಕೊಳ್ಳೋಣ. ಮನೆಯಲ್ಲಿ ಅಜ್ಜಿಗೆ ಕಸೂತಿಯೋ ಕೌದಿಯೋ ಬರುತ್ತಿದ್ದರೆ, ಈ ರಜೆಯಲ್ಲೇ ಮೊಮ್ಮಗಳನ್ನು ಅವರ ಪಕ್ಕದಲ್ಲಿ ಕೂರಿಸಿ. ಅವಳು ಬೇರೆ ಮನೆಗೆ ಹೋಗುವವಳೆಂದು ಹಿಂಜರಿಯಬೇಡಿ. ಹೋದಲ್ಲಿ ಅವಳೂ ಒಬ್ಬಳಿಗೆ ಕಲಿಸಿಯಾಳು.