ಗುಂಡಿ ಚಿಕ್ಕದು, ಹೊಣೆ ದೊಡ್ಡದು

'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ' ಎಂಬುದು ನಮ್ಮ ಹಳೆಯ ಗಾದೆ. ಆದರೆ ಷಿಕಾಗೋ, ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ನಮ್ಮ ಮಾತೇ ಬೇರೆ. ಬೇಸಿಗೆ ರಜೆ ಬಂತೆಂದರೆ ನಾಲ್ಕಾರು ಕುಟುಂಬಗಳು ಸೇರಿ, ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು, ಬಾಡಿಗೆಯ ಮೋಟಾರ್ ಬೋಟ್ ಹತ್ತುತ್ತೇವೆ. ಅಲ್ಲಿ ನಾವೇ ಅಂಬಿಗರು.

ಕಾರು ಓಡಿಸಲು ಬಂದರೆ ಬೋಟೂ ಬಂದಂತೆಯೇ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಸ್ಟಿಯರಿಂಗ್ ಗೊತ್ತು, ವೇಗದ ಹಿಡಿಯೂ ಗೊತ್ತು. ಆ ಹಿಡಿಯ ಮೇಲೆ ಹೆಬ್ಬೆರಳಿಗೆ ಸಿಗುವ ಸಣ್ಣ ಗುಂಡಿಯನ್ನು ಮಾತ್ರ ಕೇಳುವವರಿಲ್ಲ. ಅದೇ ಟ್ರಿಮ್ ಮತ್ತು ಟಿಲ್ಟ್ ಗುಂಡಿ.

ಕಳೆದ ಬೇಸಿಗೆಯಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ನಮಗೂ ಅದರ ಪಾಠವಾಯಿತು. ವೇಗ ಹೆಚ್ಚಿಸಿದ್ದೇ ತಡ, ಬೋಟಿನ ಮೂತಿ ಆಕಾಶ ನೋಡಿತು. ಎದುರಿಗೆ ಏನೂ ಕಾಣದು. ಮುಂದೆ ಕುಳಿತಿದ್ದ ಮಕ್ಕಳು ಕೇಕೆ ಹಾಕುತ್ತಿದ್ದರೆ, ದೊಡ್ಡವರ ಜೀವ ಬಾಯಿಗೆ ಬಂದಿತ್ತು. "ಅಂಕಲ್, ನಿಧಾನ ಮಾಡಿ, ಮೋಟಾರ್ ಪೂರ್ತಿ ಕೆಳಗಿಳಿಸಿ" ಎಂದು ಹೇಳಿದವನು ನಮ್ಮ ತರಗತಿಯ ಹುಡುಗನೇ!

ಅವನು ಹೇಳಿದ್ದು ಸರಿ. ಬೋಟಿನ ಹಿಂದೆ ಜೋಡಿಸಿದ ಔಟ್‌ಬೋರ್ಡ್ ಮೋಟಾರಿನ ಕೋನವನ್ನು ಓಡುವಾಗ ತುಸು ತುಸುವೇ ಬದಲಿಸುವುದು ಟ್ರಿಮ್; ಅದನ್ನು ಇನ್ನೂ ಮೇಲಕ್ಕೆ, ನೀರಿನಿಂದಾಚೆಗೂ ಎತ್ತುವುದು ಟಿಲ್ಟ್. ಹೊರಡುವಾಗ ಮೋಟಾರ್ ಕೆಳಗಿದ್ದರೆ ಮೂತಿ ಹೆಚ್ಚು ಏಳದೆ ಬೋಟು ಬೇಗ ಸಮನಾಗುತ್ತದೆ. ಆಮೇಲೆ ಸ್ವಲ್ಪ ಎತ್ತಿದರೆ ನೀರಿನ ತಡೆ ಕಡಿಮೆಯಾಗಿ ಇಂಧನ ಉಳಿಯುತ್ತದೆ. ಅತಿಯಾಗಿ ಎತ್ತಿದರೆ ಬೋಟು ಕುಪ್ಪಳಿಸುತ್ತದೆ, ಪ್ರೊಪೆಲರ್ ಗಾಳಿ ಎಳೆದುಕೊಂಡು ಹಿಡಿತ ತಪ್ಪುತ್ತದೆ. ವೇಗದಲ್ಲಿ ತೀರಾ ಕೆಳಗಿಟ್ಟರೂ ಮೂತಿ ನೀರಿಗೆ ಒತ್ತಿಕೊಂಡು ಬೋಟು ಥಟ್ಟನೆ ಪಕ್ಕಕ್ಕೆ ಎಳೆಯಬಹುದು.

ಸೇಂಟ್ ಕ್ಲೇರ್ ಸರೋವರದ ಸರಾಸರಿ ಆಳ ಸುಮಾರು 11 ಅಡಿ ಮಾತ್ರ. ದಡದ ಬಳಿ ಇನ್ನೂ ಕಡಿಮೆ. ಅಲ್ಲಿ ನಿಧಾನವಾಗಿ ಸಾಗುತ್ತಾ ಮೋಟಾರನ್ನು ಎತ್ತಿಕೊಳ್ಳದಿದ್ದರೆ ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ. ಆದರೆ ಎಂಜಿನ್ ತಣಿಸುವ ನೀರನ್ನು ಒಳಗೆಳೆಯುವ ರಂಧ್ರಗಳು ನೀರಿನಲ್ಲೇ ಇರಬೇಕು, ಇಲ್ಲವಾದರೆ ಎಂಜಿನ್ ಕಾದು ಕೆಡುತ್ತದೆ. ನಮ್ಮ ಮಲ್ಪೆ, ಗಂಗೊಳ್ಳಿಯ ನಾಡದೋಣಿಯ ಮೀನುಗಾರರಿಗೆ ಇದು ಕೈಗೆ ಬಂದ ವಿದ್ಯೆ. ನಮಗೆ ಹಾಗಲ್ಲ, ಕಲಿತೇ ಬರಬೇಕು.

ಕಾನೂನು ಏನು ಹೇಳುತ್ತದೆ? ಮಿಶಿಗನ್‌ನಲ್ಲಿ 1996ರ ಜುಲೈ 1ರಿಂದ ಈಚೆಗೆ ಹುಟ್ಟಿದವರು 6 ಅಶ್ವಶಕ್ತಿ ಮೀರಿದ ಬೋಟು ನಡೆಸಲು, ಇಲಿನಾಯ್‌ನಲ್ಲಿ 1998ರ ಜನವರಿ 1ರಿಂದ ಈಚೆಗೆ ಹುಟ್ಟಿದವರು 10 ಅಶ್ವಶಕ್ತಿ ಮೀರಿದ ಬೋಟು ನಡೆಸಲು ಸುರಕ್ಷತಾ ಪ್ರಮಾಣಪತ್ರ ಪಡೆದಿರಬೇಕು. ಅದಕ್ಕೆ ಮೊದಲು ಹುಟ್ಟಿದ ನಮ್ಮಂಥ ಪೋಷಕರಿಗೆ ವಿನಾಯಿತಿ! ಚಿಕ್ಕಂದಿನಿಂದ ಸರೋವರದಲ್ಲೇ ಬೆಳೆದವರಿಗೆ ಅದು ಸರಿಯಿರಬಹುದು. ಮೂವತ್ತು ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಬೋಟು ಮುಟ್ಟಿದ ನಮಗೆ? ಕಾನೂನು ವಿನಾಯಿತಿ ಕೊಟ್ಟರೂ ನೀರು ಕೊಡುವುದಿಲ್ಲ.

ಆದ್ದರಿಂದ ಪೋಷಕರೇ, ಮಕ್ಕಳು ಓದುವ ಆ ಪಾಠವನ್ನು ಅವರ ಪಕ್ಕದಲ್ಲಿ ಕುಳಿತು ನಾವೂ ಓದೋಣ. ಬಾಡಿಗೆ ಕೊಡುವವರಲ್ಲಿ "ಈ ಗುಂಡಿ ಯಾತಕ್ಕೆ?" ಎಂದು ನಾಚದೆ ಕೇಳೋಣ. ಮಕ್ಕಳೇ, ನಿಮಗೆ ಗೊತ್ತಿರುವುದನ್ನು ಹಿರಿಯರಿಗೆ ಹೇಳಲು ಹಿಂಜರಿಯಬೇಡಿ. ದಡ ಸೇರುವ ತನಕ ಅಂಬಿಗನ ಹಂಗು ಎಲ್ಲರಿಗೂ ಉಂಟು.

– ಕನ್ನಡ ಭಾಷಾ ಶಿಕ್ಷಕಿ, ಬಿ.ಎ., ಬಿ.ಎಡ್.