ಲಸಿಕೆಯೂ ಜನರ ವಿಶ್ವಾಸವೂ

೨೦೨೧ನೆಯ ಇಸವಿಯ ಮೇ ತಿಂಗಳಲ್ಲಿ ಆಫ್ರಿಕಾ ಖಂಡದ ಮಲಾವಿ ದೇಶದ ಸರಕಾರವು ತನ್ನ ರಾಜಧಾನಿಯಾದ ಲಿಲಾಂಗ್ವೆಯ ಆಸ್ಪತ್ರೆಯೊಂದರಲ್ಲಿ ಕೊರೋನಾ ಲಸಿಕೆಯ ೧೯,೬೧೦ ಡೋಸುಗಳನ್ನು ಎಲ್ಲರೂ ಕಾಣುವಂತೆ ಬೆಂಕಿಗೆ ಹಾಕಿತು. ಬಡ ದೇಶಗಳ ಜನರು ಮನೆಬಾಗಿಲಿಗೆ ಬಂದ ಸಂಜೀವಿನಿಯನ್ನೂ ಒಲ್ಲೆನ್ನುವ ಮೂಢರೆಂದು ಆಡಿಕೊಳ್ಳುವವರಿಗೆ ಈ ಬೆಂಕಿಯು ಒಳ್ಳೆಯ ನಿದರ್ಶನವಾಗಿ ಒದಗಿತು. ಆ ಮಾತು ಇಂದಿಗೂ ಕೇಳಬರುತ್ತಿರುವದರಿಂದ ಅದರಲ್ಲಿ ಸತ್ಯಾಂಶವೆಷ್ಟೆಂಬುದನ್ನು ವಾಚಕರ ಮುಂದಿಡುವದು ಅವಶ್ಯವೆಂದು ತೋರುತ್ತದೆ.

ಸುಟ್ಟುಹೋದ ಆ ಲಸಿಕೆಯ ಪೂರ್ವವೃತ್ತಾಂತವನ್ನು ಮೊದಲು ನೋಡೋಣ. ಆಫ್ರಿಕಾ ಒಕ್ಕೂಟದ ಮೂಲಕ ಮಲಾವಿಗೆ ೧,೦೨,೦೦೦ ಡೋಸುಗಳು ಬಂದು ಮುಟ್ಟಿದ್ದು ಮಾರ್ಚ ೨೬ರಂದು. ಅವುಗಳ ಅವಧಿ ಮುಗಿದದ್ದು ಏಪ್ರಿಲ್ ೧೩ರಂದು. ನಡುವೆ ಉಳಿದವು ಹದಿನೆಂಟೇ ದಿನಗಳು! ಇಷ್ಟರೊಳಗೆ ಹಳ್ಳಿಹಳ್ಳಿಗೆ ಸುದ್ದಿ ಮುಟ್ಟಿಸಿ, ಶೀತಲ ಪೆಟ್ಟಿಗೆಗಳಲ್ಲಿ ಮದ್ದನ್ನು ಸಾಗಿಸಿ, ಜನರ ಮನವೊಲಿಸಿ ಚುಚ್ಚಿ ಮುಗಿಸಬೇಕಾಗಿತ್ತು. ಅದೂ ಎಂಥ ಕಾಲದಲ್ಲಿ? ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾವು ಅದೇ ಆಸ್ಟ್ರಾಜೆನಿಕಾ ಲಸಿಕೆಯ ಬಳಕೆಯನ್ನು ತಡೆದಿತ್ತು. ಮಾರ್ಚದಲ್ಲಿ ಜರ್ಮನಿ, ಫ್ರಾನ್ಸ್, ಇಟಲಿಗಳು ರಕ್ತ ಹೆಪ್ಪುಗಟ್ಟುವ ಶಂಕೆಯಿಂದ ಅದನ್ನು ಕೆಲವು ಕಾಲ ನಿಲ್ಲಿಸಿದ್ದವು. ಆ ರಾಷ್ಟ್ರಗಳು ತಡೆದರೆ ಅದು ವಿವೇಕವೆನಿಸಿತು. ಅದೇ ಸುದ್ದಿಯನ್ನು ಕೇಳಿ ಮಲಾವಿಯ ರೈತನು ಹಿಂಜರಿದರೆ ಅದು ಮೌಢ್ಯವೆನಿಸಿತು. ಇದು ಯಾವ ನ್ಯಾಯ? ಆದರೂ ಬಂದ ಮದ್ದಿನಲ್ಲಿ ಐದಕ್ಕೆ ನಾಲ್ಕು ಪಾಲು ಬಳಕೆಯಾಗಿತ್ತೆಂಬುದನ್ನು ಮರೆಯಲಾಗದು. ಅವಧಿ ಮೀರಿದ ಮದ್ದನ್ನು ತಮಗೆ ಚುಚ್ಚುವರೆಂಬ ಅಂಜಿಕೆಯಿಂದ ಜನರು ದವಾಖಾನೆಗೆ ಬಾರದಾದಾಗ, ಅಂಥದನ್ನು ತಾನು ಇಟ್ಟುಕೊಂಡಿಲ್ಲವೆಂದು ತೋರಿಸಲಿಕ್ಕಾಗಿಯೇ ಸರಕಾರವು ಉಳಿದದ್ದನ್ನು ಸುಟ್ಟಿತು. ಅದನ್ನು ವ್ಯರ್ಥವ್ಯಯವೆಂದವರುಂಟು. ನಮ್ಮ ಮಟ್ಟಿಗೆ ಅದು ಪ್ರಾಮಾಣಿಕತನದ ಕೆಲಸವೇ ಸರಿ.

ಇನ್ನು ಅಂಕೆಗಳ ಮಾತು. ಅದೇ ವರ್ಷ ಜುಲೈ ತಿಂಗಳಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯು ಪ್ರಕಟಿಸಿದ ಶೋಧನೆಯಂತೆ, ಭಾರತವೂ ಸೇರಿ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೇರಿಕೆಗಳ ಹತ್ತು ದೇಶಗಳಲ್ಲಿ ಸರಾಸರಿ ನೂರಕ್ಕೆ ೮೦ ಜನರು ಲಸಿಕೆಗೆ ಒಪ್ಪಿದ್ದರು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಪ್ಪಿದವರು ೬೫ರಷ್ಟು, ರಶಿಯದಲ್ಲಿ ೩೦ರಷ್ಟು. ಕೇಳಿದಾಗ ಹೂಂಗುಟ್ಟುವದು ಬೇರೆ, ಸರದಿಯಲ್ಲಿ ನಿಂತು ತೋಳು ಒಡ್ಡುವದು ಬೇರೆ ಎಂಬುದನ್ನು ನಾವು ಬಲ್ಲೆವು. ಆದರೂ ಅಕ್ಷರಜ್ಞಾನವಿಲ್ಲದಿರುವದೇ ಅನುಮಾನದ ಬೇರಾಗಿದ್ದರೆ ಈ ಅಂಕೆಗಳು ತಲೆಕೆಳಗಾಗಿರಬೇಕಿತ್ತು.

ಅನುಮಾನದ ಬೇರನ್ನು ಕಾಣಬೇಕಾದರೆ ಉತ್ತರ ನೈಜೀರಿಯದ ಕಾನೋ ಪ್ರಾಂತಕ್ಕೆ ಹೋಗಬೇಕು. ೧೯೯೬ರಲ್ಲಿ ಅಲ್ಲಿ ಮೆನಿಂಜೈಟಿಸ್ ಎಂಬ ಮಿದುಳುಜ್ವರವು ಹಬ್ಬಿದ್ದಾಗ ಫೈಜರ್ ಕಂಪನಿಯು ೨೦೦ ಮಕ್ಕಳ ಮೇಲೆ ಔಷಧಪರೀಕ್ಷೆಯನ್ನು ನಡೆಸಿತು. ನೂರು ಮಕ್ಕಳಿಗೆ ಕಂಪನಿಯ ಹೊಸ ಔಷಧ, ಉಳಿದವರಿಗೆ ಬಳಕೆಯಲ್ಲಿದ್ದ ಔಷಧ. ಹನ್ನೊಂದು ಮಕ್ಕಳು ತೀರಿಕೊಂಡರು. ತಮ್ಮ ಒಪ್ಪಿಗೆಯನ್ನು ಸರಿಯಾಗಿ ಪಡೆದಿರಲಿಲ್ಲವೆಂದು ತಾಯಿತಂದೆಗಳು ದೂರಿದರು; ಮರಣಕ್ಕೆ ರೋಗವೇ ಕಾರಣವೆಂದು ಕಂಪನಿಯು ವಾದಿಸಿತು; ೨೦೦೯ರಲ್ಲಿ ಏಳೂವರೆ ಕೋಟಿ ಡಾಲರಿನ ರಾಜಿಯಾಯಿತು. ಈ ಗಾಯವು ಹಸಿಯಾಗಿದ್ದಾಗಲೇ, ೨೦೦೩ರಲ್ಲಿ, ಪೋಲಿಯೋ ಹನಿಯಲ್ಲಿ ಬಂಜೆತನ ಬರಿಸುವ ವಸ್ತುವಿದೆಯೆಂಬ ಸುಳ್ಳು ಹುಟ್ಟಿ, ಕಾನೋ ಪ್ರಾಂತವು ಲಸಿಕೆಯನ್ನು ಬಹಿಷ್ಕರಿಸಿತು. ಆ ಸುಳ್ಳನ್ನು ಹಬ್ಬಿಸಿದವರ ಅಪರಾಧವನ್ನು ನಾವು ಕಡಿಮೆಯೆಣಿಸುವದಿಲ್ಲ. ಮಕ್ಕಳು ಕಾಲು ಕಳೆದುಕೊಂಡರು. ರೋಗವು ಗಡಿ ದಾಟಿ, ಅದನ್ನು ಎಂದೋ ನೀಗಿದ್ದ ಅನೇಕ ದೇಶಗಳನ್ನು ಮತ್ತೆ ಹೊಕ್ಕಿತು. ಆದರೆ ಬಯ್ಗುಳದಿಂದ ಬಹಿಷ್ಕಾರವು ಮುರಿಯಲಿಲ್ಲ. ಅಲ್ಲಿಯವರು ನಂಬಬಲ್ಲ ಇಂಡೋನೇಶಿಯದಿಂದ ಲಸಿಕೆಯನ್ನು ತರಿಸಿ, ಹಿರಿಯರೊಡನೆ ಕುಳಿತು ಮಾತನಾಡಿದ ಮೇಲೆ ೨೦೦೪ರ ಜುಲೈಯಲ್ಲಿ ಹನಿ ಹಾಕುವ ಕೆಲಸವು ಮರಳಿ ಮೊದಲಾಯಿತು. ಹಳ್ಳಿಯ ಹೆಂಗಸರೇ ಮನೆಮನೆ ತಿರುಗಿದರು. ೨೦೨೦ರ ಆಗಸ್ಟದಲ್ಲಿ ಆಫ್ರಿಕಾವು ಮೂಲ ಪೋಲಿಯೋದಿಂದ ಮುಕ್ತವೆಂದು ಸಾರಲ್ಪಟ್ಟಿತು.

ನಮ್ಮವರಿಗೂ ಈ ಪಾಠವು ಹೊಸದಲ್ಲ. ೧೮೯೮ರ ಪ್ಲೇಗಿನಲ್ಲಿ ಹುಬ್ಬಳ್ಳಿಯ ಹತ್ತಾರು ಸಾವಿರ ಜನರು ಹಾಫ್ಕಿನ್ ಪಂಡಿತನ ಲಸಿಕೆಯನ್ನು ಚುಚ್ಚಿಸಿಕೊಂಡರು. ೧೯೦೨ರಲ್ಲಿ ಪಂಜಾಬದ ಮುಲ್ಕೋವಾಲದಲ್ಲಿ ಒಂದೇ ಸೀಸೆ ಕೆಟ್ಟು ಹತ್ತೊಂಬತ್ತು ಜನರು ಧನುರ್ವಾಯುವಿನಿಂದ ಸತ್ತರು. ಅಲ್ಲಿ ಲಸಿಕೆಯ ಕಾರ್ಯವೇ ಮುರಿದುಬಿದ್ದಿತು. ತಪ್ಪು ತನ್ನದಲ್ಲವೆಂದು ಹಾಫ್ಕಿನನು ಬಿಡುಗಡೆ ಪಡೆಯುವಷ್ಟರಲ್ಲಿ ಐದು ವರ್ಷಗಳು ಕಳೆದಿದ್ದವು.

ಇಷ್ಟೆಲ್ಲ ತಿಳಿದ ಬಳಿಕವೂ ೨೦೨೧ರ ಡಿಸೆಂಬರದಲ್ಲಿ ನೈಜೀರಿಯವು ಅವಧಿ ಮೀರಿದ ಹತ್ತು ಲಕ್ಷಕ್ಕೂ ಮಿಕ್ಕಿದ ಡೋಸುಗಳನ್ನು ನಾಶಪಡಿಸಬೇಕಾಯಿತು. ಅದಕ್ಕೆ ಕೆಲವೇ ವಾರಗಳ ಮುಂಚೆ ಆಫ್ರಿಕೆಯ ಆರೋಗ್ಯ ಸಂಸ್ಥೆಗಳು ದಾನಿಗಳಿಗೆ ಒಂದು ಸಾಮಾನ್ಯ ಬೇಡಿಕೆಯನ್ನು ಸಲ್ಲಿಸಿದ್ದವು: ಮದ್ದು ಬಂದಿಳಿಯುವಾಗ ಅದಕ್ಕೆ ಕನಿಷ್ಠ ಹತ್ತು ವಾರಗಳ ಆಯುಷ್ಯವಿರಲಿ, ಬರುವ ಸುದ್ದಿಯು ನಾಲ್ಕು ವಾರ ಮುಂಚೆ ತಿಳಿಯಲಿ. ಇದು ಭಿಕ್ಷೆಯಲ್ಲ, ಮುಂದಿನ ಮಾರಿಯು ಬರುವ ಮೊದಲೇ ಇದನ್ನು ಕರಾರಿನಲ್ಲಿ ಬರೆದಿಡಬೇಕು. ಲಸಿಕೆಯಿಂದ ಜ್ವರ ಬರುವದುಂಟು, ಅಪರೂಪಕ್ಕೆ ಅಪಾಯವೂ ಉಂಟು ಎಂಬುದನ್ನು ಚುಚ್ಚುವ ಮುನ್ನವೇ ಜನರಿಗೆ ಅವರ ಭಾಷೆಯಲ್ಲಿ ಅವರ ಊರಿನ ದಾಯಿಯೇ ಹೇಳುವಂತಾಗಬೇಕು. ಹಾಗೆ ಹೇಳುವ ಆ ಹೆಂಗಸಿಗೆ ತಿಂಗಳು ತಿಂಗಳಿಗೆ ಸಂಬಳವೂ ಸಿಗಬೇಕು.