ಕಾಲದ ಮೇಲೆ ಹೊರಿಸುವ ದೋಷ

ಬಸದಿಯ ಗೋಡೆ ಬಿರುಕುಬಿಟ್ಟರೆ ‘ಕಾಲಪ್ರಭಾವ’. ಮಕ್ಕಳು ಸ್ವಾಧ್ಯಾಯಕ್ಕೆ ಬಾರದಿದ್ದರೆ ‘ಪಂಚಮಕಾಲ’. ತಾಡವಾಲೆಯ ಕಟ್ಟು ಹುಳು ತಿಂದು ಪುಡಿಯಾದರೆ ‘ಕಾಲಗರ್ಭಕ್ಕೆ ಸೇರಿತು’. ಟ್ರಸ್ಟಿನ ಸಭೆಗಳಲ್ಲಿಯೂ ಮನೆಯ ಜಗಲಿಗಳಲ್ಲಿಯೂ ಈ ಮಾತು ಎಷ್ಟು ಸಲೀಸಾಗಿ ಬಳಕೆಯಾಗುತ್ತಿದೆಯೆಂದರೆ, ಇದು ಆಗಮದ ಮಾತೆಂದೇ ಬಹುಜನರು ನಂಬಿದ್ದಾರೆ. ಇದು ಆಗಮಕ್ಕೆ ನೇರವಾಗಿ ವಿರುದ್ಧವಾದ ಮಾತು.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ವರ್ತನೆ, ಪರಿಣಾಮ, ಕ್ರಿಯೆ, ಪರತ್ವ, ಅಪರತ್ವಗಳನ್ನು ಕಾಲದ ಉಪಕಾರವೆಂದು ಎಣಿಸಿದ್ದಾರೆ. ಉಪಕಾರವೆಂದರೆ ನೆರವು, ಕರ್ತೃತ್ವವಲ್ಲ. ದ್ರವ್ಯಗಳು ತಮ್ಮ ಸ್ವಭಾವದಿಂದಲೇ ಪರಿಣಮಿಸುತ್ತವೆ; ಕಾಲವು ಅದಕ್ಕೆ ಉದಾಸೀನ ನಿಮಿತ್ತ ಮಾತ್ರ. ಇದನ್ನು ವಿವರಿಸಲು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬೆರಣಿಯ ಬೆಂಕಿಯ ದೃಷ್ಟಾಂತ ಕೊಡುತ್ತಾರೆ. ಬೆಂಕಿ ಓದಿಸುತ್ತದೆಂದು ಜನ ಹೇಳುವುದುಂಟು, ಓದುವವನು ಶಿಷ್ಯನೇ. ಅವನು ತೂಕಡಿಸಿದರೆ ಬೆಂಕಿಯನ್ನು ದೂರುವುದು ಯಾವ ನ್ಯಾಯ?

ಕಾಲವು ಮುಂದಕ್ಕೆ ಹರಿಯುತ್ತದೆಂಬ ತೋರಿಕೆಯೇ ಈ ಭ್ರಮೆಯ ಬೇರು. ಕಾಲಾಣುಗಳು ಲೋಕಾಕಾಶದ ಒಂದೊಂದು ಪ್ರದೇಶದಲ್ಲಿ ಒಂದೊಂದರಂತೆ, ರತ್ನರಾಶಿಯ ಹಾಗೆ, ನೆಲೆಗೊಂಡಿವೆ. ಅವು ನಿಷ್ಕ್ರಿಯವೆಂದು ದಿಗಂಬರ ಆಚಾರ್ಯರ ಮತ. ಕದಲದ ದ್ರವ್ಯಕ್ಕೆ ಪ್ರವಾಹವೆಲ್ಲಿಯದು? ಸಾಗುವುದು ವಸ್ತುಗಳ ಪರ್ಯಾಯಗಳ ಸರಣಿ. (ಶ್ವೇತಾಂಬರ ಪರಂಪರೆಯಲ್ಲಿ ಕಾಲವನ್ನು ಸ್ವತಂತ್ರ ದ್ರವ್ಯವೆಂದು ಒಪ್ಪದ ಪಕ್ಷವೂ ಇದೆ, ಆ ಪಕ್ಷದಲ್ಲಂತೂ ದೂರಲು ಕಾಲವೆಂಬ ವಸ್ತುವೇ ಸಿಗದು!) ಬಡ್ಡಿಯನ್ನು ಕಾಲ ಬೆಳೆಸುತ್ತದೆನ್ನುವ ವರ್ತಕನೂ, ಪೆಟ್ಟಿಗೆಯಲ್ಲಿಟ್ಟ ಹಣ ಹತ್ತು ವರ್ಷವಾದರೂ ಒಂದು ರೂಪಾಯಿ ಹೆಚ್ಚದೆಂಬುದನ್ನು ಬಲ್ಲನು.

ಭೌತವಿಜ್ಞಾನವೂ ದಿಕ್ಕನ್ನು ಅರಸುವುದು ವಸ್ತುಗಳ ಸ್ಥಿತಿಯಲ್ಲಿಯೇ. ಕಾಲವು ಸಮವಾಗಿ ಹರಿಯುತ್ತದೆಂದು ನ್ಯೂಟನ್ 1687ರಲ್ಲಿ ಬರೆದನು; ಆದರೆ ಅವನ ಚಲನನಿಯಮಗಳಲ್ಲಿ ಹಿಂದು-ಮುಂದುಗಳ ಭೇದವಿಲ್ಲ. ಆ ಭೇದಕ್ಕೆ ಆಧಾರ ದೊರೆತದ್ದು 1865ರಲ್ಲಿ ಕ್ಲಾಸಿಯಸ್ ಹೆಸರಿಟ್ಟ ಎಂಟ್ರೊಪಿಯಲ್ಲಿ. 1877ರಲ್ಲಿ ಬೋಲ್ಟ್ಸ್‌ಮನ್ ಅದನ್ನು ಸಂಭವನೀಯತೆಯಿಂದ ವಿವರಿಸಿದನು. ಬಿಳಿ ಎಳ್ಳನ್ನೂ ಕರಿ ಎಳ್ಳನ್ನೂ ಒಂದೇ ಚೀಲಕ್ಕೆ ಸುರಿದು ಕುಲುಕಿದರೆ ಬೆರೆಯುತ್ತವೆ. ಮತ್ತೆಷ್ಟು ಕುಲುಕಿದರೂ ಬೇರ್ಪಡವು. ಬೆರೆತಿರುವ ಬಗೆಗಳು ಎಣಿಕೆಗೆ ಮೀರಿದವು, ಬೇರ್ಪಟ್ಟಿರುವ ಬಗೆಗಳು ಅತ್ಯಲ್ಪ. ಇಲ್ಲಿ ಕಾಲ ಮಾಡಿದ್ದೇನೂ ಇಲ್ಲ. ಇದನ್ನೇ ಹಿಡಿದು ‘ಎಂಟ್ರೊಪಿಯೇ ಅವಸರ್ಪಿಣಿ’ ಎಂದು ಸಾರುವ ಉತ್ಸಾಹಿಗಳಿದ್ದಾರೆ. ಅವಸರ್ಪಿಣಿಯ ಹಿಂದೆಯೇ ಉತ್ಸರ್ಪಿಣಿ ಬರುವುದೆಂಬುದನ್ನು ಅವರು ಮರೆತಂತಿದೆ.

ಇನ್ನು ಪಂಚಮಕಾಲದ ನೆಪ. ಮಹಾವೀರ ನಿರ್ವಾಣದ ಮೂರು ವರ್ಷ ಎಂಟೂವರೆ ತಿಂಗಳ ಬಳಿಕ ಆರಂಭವಾದ ಇದರ ಅವಧಿ 21,000 ವರ್ಷ. ವೃದ್ಧಿಹ್ರಾಸಗಳು ಭರತ, ಐರಾವತ ಕ್ಷೇತ್ರಗಳದಲ್ಲ, ಅಲ್ಲಿರುವ ಮನುಷ್ಯರದೆಂದು ಪೂಜ್ಯಪಾದರೇ ಸ್ಪಷ್ಟಪಡಿಸಿದ್ದಾರೆ. ವಿದೇಹದಲ್ಲಿರುವುದೂ ಇದೇ ಕಾಲದ್ರವ್ಯ, ಅಲ್ಲಿ ಹ್ರಾಸವಿಲ್ಲ. ಕಾಲವೇ ಕೆಡಿಸುವುದಾದರೆ ವಿದೇಹವೇಕೆ ಕೆಡಲಿಲ್ಲ? ಈ ಕಾಲದಲ್ಲಿ ಇಲ್ಲಿಂದ ಮೋಕ್ಷವಿಲ್ಲವೆಂಬುದು ನಿಜ. ಸ್ವಾಧ್ಯಾಯವಿಲ್ಲ, ದಾನವಿಲ್ಲ, ಬಸದಿಯ ಸೂರು ಸೋರುತ್ತಲೇ ಇರಬೇಕು ಎಂದು ಎಲ್ಲಿ ಬರೆದಿದೆ?

ಕುಂದಕುಂದರು, ಸಮಂತಭದ್ರರು, ವೀರಸೇನರು ಪಂಚಮಕಾಲದವರೇ. ಚಾವುಂಡರಾಯನು ವಿಂಧ್ಯಗಿರಿಯಲ್ಲಿ ಬಾಹುಬಲಿಯನ್ನು ನಿಲ್ಲಿಸಿದ್ದು ಪಂಚಮಕಾಲದಲ್ಲಿಯೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿದ ಅತ್ತಿಮಬ್ಬೆ ಕಾಲವನ್ನು ದೂರುತ್ತ ಕುಳಿತಿದ್ದರೆ ಒಂದು ಪ್ರತಿಯೂ ಆಗುತ್ತಿರಲಿಲ್ಲ. ಮೂಡುಬಿದಿರೆಯಲ್ಲಿ ಧವಲಾದ ಓಲೆಗಳು ಶತಮಾನಗಳನ್ನು ದಾಟಿ ಉಳಿದವು. ಅದೇ ಮಳೆ, ಅದೇ ತೇವವಿರುವ ಬೇರೆಡೆಗಳಲ್ಲಿ ಓಲೆಗಳು ಮಣ್ಣಾದವು. ಎರಡೂ ಕಡೆ ಕಾಲ ಒಂದೇ. ಓಲೆಯನ್ನು ತಿನ್ನುವುದು ಹುಳು, ಕೊಳೆಯಿಸುವುದು ತೇವ. ವರ್ಷಕ್ಕೊಮ್ಮೆ ಕಟ್ಟು ಬಿಚ್ಚಿ, ಧೂಳು ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿಡಲು ತಗಲುವ ವೆಚ್ಚ ಒಂದು ಪೂಜೆಯ ಹೂವಿನ ಅಲಂಕಾರಕ್ಕಿಂತ ಹೆಚ್ಚಲ್ಲ. ಆ ವೆಚ್ಚ ಎಷ್ಟು ಟ್ರಸ್ಟುಗಳ ಆಯವ್ಯಯದಲ್ಲಿ ನಮೂದಾಗಿದೆ?